ಗಿರಗಿರ ಪ್ರಾರ್ಥನೆ

“ಪ್ರಾರ್ಥನಾ ಬರ್ತದೇನ ನಿನಗ?” ಎಂದು ಚನ್ನಬಸವ್ವ ಕೇಳಿದ್ದೇ ತಡ, ಆರು ವರ್ಷದ ಮುಕ್ತಾ “ಓ, ದಿನಾ ಮಾಡ್ತೇನಿ!” ಎಂದು ಕುಣಿದಳು. ಒಗ್ಗರಣೆ ಹಾಕುತ್ತಿದ್ದ ಅವಳ ತಾಯಿ ದೀಪಾಲಿ ಗಕ್ಕನೆ ಒಲೆ ಆರಿಸಿದಳು.

ಅತ್ತೆ ವಿಜಯಪುರದಿಂದ ಈ ಮರಾಠಿ ಊರು ನಿಗಡಿಗೆ ಬಂದದ್ದೇ ಮೊಮ್ಮಗಳನ್ನು ಕರೆದೊಯ್ಯಲು. ರಜೆಯ ಒಂದು ತಿಂಗಳು ಮಠದ ಶಿಬಿರದಲ್ಲಿದ್ದರೆ ಹುಡುಗಿಗೆ ದೇವರೆಂದರೇನೆಂದು ತಿಳಿದೀತು ಎಂಬ ಹಟ. ದೀಪಾಲಿ ಗುಡಿ, ಮಠಗಳಿಗೆ ಹೋಗುವುದನ್ನು ಬಿಟ್ಟು ಏಳು ವರ್ಷವಾಗಿತ್ತು. ದಿನಕ್ಕೆ ಒಂದಿಷ್ಟು ಹೊತ್ತು ಮಗಳ ಜೊತೆ ಸುಮ್ಮನಿರುತ್ತಿದ್ದಳು, ಅಷ್ಟೇ. ಅದನ್ನು ಅತ್ತೆಯ ಮುಂದೆ ಪ್ರಾರ್ಥನೆ ಎನ್ನುವ ಧೈರ್ಯ ಅವಳಿಗಿರಲಿಲ್ಲ.

“ಹಂಗಾದ್ರ ಮಾಡಿ ತೋರಸು.”

“ಇಲ್ಲಿ ಆಗೂದಿಲ್ಲಜ್ಜಿ. ಗಚ್ಚಿ ಮ್ಯಾಲ ಬಾ.”

ಮೂವರೂ ತಾರಸಿಗೆ ಹತ್ತಿದರು. ಗಚ್ಚಿಯ ಮೇಲೆ ಮುಕ್ತಾ ಎರಡೂ ಕೈ ಚಾಚಿ ಗಿರಗಿರನೆ ತಿರುಗತೊಡಗಿದಳು. “ನಮಸ್ಕಾರ ನೀರಿನ ಟಾಕಿ! ನಮಸ್ಕಾರ ಪಾರಿವಾಳ! ನಮಸ್ಕಾರ ಅವ್ವ! ನಮಸ್ಕಾರ ಅಜ್ಜಿ!” ಕೊನೆಗೆ ಧೊಪ್ಪನೆ ಅಂಗಾತ ಬಿದ್ದು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಈಗ ಸುಮ್ಮನಿರಬೇಕು. ಒಳಗ ಢಬಢಬ ಅಂತದಲ್ಲ, ಅದು ದೇವರು ‘ಹೂಂ’ ಅನ್ನೂದು.”

“ಯಾರ ಕಲಿಸ್ಯಾರ ಇದನ್ನ?”

“ತಿರಗೂದು ನಂದು. ಸುಮ್ಮನಿರೂದು ಅವ್ವಂದು. ನೀನೂ ಮಾಡಜ್ಜಿ!”

ಚನ್ನಬಸವ್ವ ಸೊಸೆಯನ್ನೊಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಬ್ಯಾಡ್ರೀ ಅತ್ತಿ, ತಲಿ ತಿರಗ್ತದ!”

“ತಿರಗಲಿ ಬಿಡು. ಕೂಸು ಕರದಾದ.”

ಒಂದು ಸುತ್ತು. ಎರಡು. “ನಮಸ್ಕಾರ ಟಾಕಿ!” ಎಂದು ಕೂಗುತ್ತ ಮೂರನೆಯದಕ್ಕೆ ಒಣಹಾಕಿದ್ದ ಚಾದರಿಗೆ ಸಿಕ್ಕಿಕೊಂಡು, ಹಿಡಿಯಲು ಓಡಿ ಬಂದ ದೀಪಾಲಿಯನ್ನೂ ಎಳೆದುಕೊಂಡು ಮೆಲ್ಲಗೆ ಕುಸಿದಳು. ಆಕಾಶವೆಲ್ಲ ಬುಗುರಿಯಾಗಿತ್ತು. ಅಜ್ಜಿ ನಗಲು ಶುರುಮಾಡಿದಳು. ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನಗು ತಣ್ಣಗಾದಾಗ ಚನ್ನಬಸವ್ವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿ ಮಲಗಿಯೇ ಇದ್ದಳು. ಬಹಳ ಹೊತ್ತು.

ದೀಪಾಲಿ ಮೆಲ್ಲಗೆ ಕೇಳಿದಳು: “ಅತ್ತಿ, ಶಿಬಿರಕ್ಕ ಯಾವಾಗ ಕರಕೊಂಡು ಹೋಗ್ತೀರಿ?”

“ಸುಮ್ಮನಿರು. ಇನ್ನೂ ‘ಹೂಂ’ ಅನ್ಲಾಕತ್ಯಾನ.”

ಅಷ್ಟರಲ್ಲಿ ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯ ಏಕನಾಥಕಾಕಾ, ನೆಲದ ಮೇಲೆ ಬಿದ್ದಿದ್ದ ಮೂವರನ್ನು ನೋಡಿ ಗಾಬರಿಯಾಗಿ, ಏನಾಯ್ತು, ಬಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದರು: “ಕಾಯ್ ಝಾಲಂ ಆಜೀ? ಪಡಲಾತ್ ಕಾ?”

ಚನ್ನಬಸವ್ವ ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟು, ತನಗೆ ಬರುವಷ್ಟು ಮರಾಠಿಯಲ್ಲಿ ಗದರಿದಳು: “ಶ್! ಪ್ರಾರ್ಥನಾ ಚಾಲೂ ಆಹೇ.”

ಏಕನಾಥಕಾಕಾ ಸುತ್ತಲೂ ನೋಡಿದರು. ಟಾಕಿ, ಪಾರಿವಾಳ, ಚಾದರು. ಏನೂ ತಿಳಿಯದೆ, ಇರಲಿ ಎಂದು ಚಪ್ಪಲಿ ಕಳಚಿ ಬಾಗಿಲಾಚೆ ಇಟ್ಟರು.