ಗಾಡಿಗೆ ಮೊದಲ ತುಂಡು

ನಮ್ಮ ಮನೆಗಾಡಿ ಓಡಲು ಡೀಸೆಲ್ ಬೇಡ, ಬಾಡು ಬೇಕು. ಹೊಳೆ ದಂಡೆಯಲ್ಲಿ ಬಿಡಾರ ಹೂಡಿ ಕೆಂಡದ ಮೇಲೆ ಕೋಳಿ ಸುಡುತ್ತಿದ್ದೆವು.

"ಭಾವ, ಮೊದಲ ತುಂಡು ಗಾಡಿಗೆ ಕೊಡಿ," ಅಂದೆ.

"ಗಾಡಿಗೆಂಥಾ ಎಡೆ, ಸುಮ್ನಿರವ್ವ!" ಎಂದು ಭಾವ ಕೋಳಿ ತೊಡೆಯನ್ನು ಅದರ ಬಾಯಿಯ ಮುಂದೆ ಆಡಿಸಿ, ತಾವೇ ಕಚ್ಚಿದರು.

ಗಾಡಿ ನಿಂತಲ್ಲಿಂದಲೇ ಬಾಯಿ ಚಾಚಿ ಅವರ ಬಲಗೈಯನ್ನು ಮೊಣಕೈವರೆಗೆ ಕಿತ್ತುಕೊಂಡಿತು. ರಕ್ತ ಕೆಂಡಕ್ಕೆ ಚಿಮ್ಮಿ ಚುರ್ರೆಂದಿತು. ನನ್ನ ಗಂಡ ಜವರೇಶ ಟವೆಲ್ ಬಿಗಿದು ಕಟ್ಟಿದ.

"ಎಷ್ಟು ಸಲ ಹೇಳೋದು ಇವರಿಗೆ!" ಎಂದು ಬೈಯುತ್ತಾ ಕೋಳಿಯನ್ನೆಲ್ಲ ಗಾಡಿಯ ಬಾಯಿಗೆ ಸುರಿದೆ. ಅದು ಎಲ್ಲವನ್ನೂ ಉಗುಳಿತು. ಮನುಷ್ಯರ ರುಚಿ ಹತ್ತಿಬಿಟ್ಟಿತ್ತು.

ಆಸ್ಪತ್ರೆ ನಲವತ್ತು ಮೈಲಿ ದೂರ. ಹೊಟ್ಟೆ ತುಂಬದೆ ಗಾಡಿ ಕದಲುವುದಿಲ್ಲ.

ಜವರೇಶ ನನ್ನ ಮುಖ ನೋಡಿದ. ನಾನು ಭಾವನ ಎಡಗೈ ನೋಡಿದೆ.