ಹೆಸರಿಲ್ಲದ ಗಂಡ

ಪತ್ರಿಕೆಯ ಮೂಲೆಯ ವ್ಯಂಗ್ಯಚಿತ್ರದಲ್ಲಿ ದಿನವೂ ಕಚ್ಚಾಡುವ ಗಂಡ ಹೆಂಡತಿಯನ್ನು ಕಂಡು ಊರೆಲ್ಲ ನಗುತ್ತಿತ್ತು. ಅದನ್ನು ಬರೆಯುತ್ತಿದ್ದವನು ಒಬ್ಬ ಚಿತ್ರಗಾರ. ಜಗಳ ಮಾತ್ರ ಅವನ ಮನೆಯದೇ. ಚಿತ್ರದ ಹೆಂಡತಿಯೂ ಅವನ ಹೆಂಡತಿಯ ಹಾಗೆಯೇ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಬೈಯುವಾಗಲೂ ‘ರೀ’ ಎಂದೇ ಶುರು.

ಇವತ್ತು ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ಪತ್ರಿಕೆ ನೋಡಿದವನಿಗೆ ಮೈಯೆಲ್ಲ ಉರಿದುಹೋಯಿತು.

“ಏನೇ ಇದು? ಗೆರೆಯೆಲ್ಲ ಸೊಟ್ಟಸೊಟ್ಟ! ಯಾರು ಬರ್ದಿದ್ದು?”

“ನಾನೇ,” ಎಂದಳು, ತಲೆಯೆತ್ತದೆ.

“ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ಬಿಡ್ತಿದ್ರಾ? ನಿಮ್ಮ ಪೆನ್ನು ಮುಟ್ಟಿದ್ರೇ ಮನೆ ಹಾರಿಹೋಗೋ ಹಾಗೆ ಕೂಗ್ತಿದ್ರಿ.”

“ಮೂಗು ನೋಡು, ಒಳ್ಳೇ ಬದನೆಕಾಯಿ! ನನ್ನ ಮೂಗು ಹೀಗಿದೆಯಾ?”

“ಇದ್ದಿದ್ದೇ ಹಾಗೆ.”

ಅವನಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಚಿತ್ರದ ಹೆಂಡತಿಯ ಮಾತಿನ ಮೇಲೆ ಕಣ್ಣು ಬಿತ್ತು. ‘ಕಾಫಿ ಆರಿಹೋಗ್ತಿದೆ, ಏಳಿ’ ಎಂದಿದ್ದಳು ಅವಳು. ಆದರೆ ಆ ಮಾತಿನ ಮೊದಲಿಗೆ, ‘ರೀ’ ಇರಬೇಕಾದ ಜಾಗದಲ್ಲಿ, ಅವನ ಸ್ವಂತ ಹೆಸರಿತ್ತು.

ಅವನ ದನಿ ತಗ್ಗಿತು.

“ನನ್ನ ಹೆಸರು ಯಾಕೆ ಬರ್ದೆ? ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿಯಾಗತ್ತೆ ಅಂತ ನೀನೇ ತಾನೇ ಹೇಳ್ತಿದ್ದಿದ್ದು?”

ಅವಳು ಪತ್ರಿಕೆ ಮಡಿಸಿಟ್ಟು, ದನಿ ಬಂದ ಕಡೆ, ಗೋಡೆಯ ಮೇಲಿನ ಹಾರ ಹಾಕಿದ ಫೋಟೋದತ್ತ, ತಿರುಗಿದಳು.

“ಇನ್ನು ಕಮ್ಮಿಯಾಗೋಕೆ ಏನು ಉಳಿದಿದೆ, ನೀಲಕಂಠ?”