ಬಿದ್ದು ತೋರಿಸಿ

ಲಾಠಿ ಎರಡು ತುಂಡಾಗಿ ಇನ್‌ಸ್ಪೆಕ್ಟರ್ ಮೇಡಂ ಅವರ ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಈಚೆ ಅದನ್ನು ಮುರಿದವರಿಬ್ಬರೂ ನಿಂತಿದ್ದರು: ಹೊಡೆದ ಪೇದೆ ಮತ್ತು ಹೊಡೆಸಿಕೊಂಡ ಪ್ಲಂಬರ್.

ಒನ್‌ವೇಯಲ್ಲಿ ಎದುರಿನಿಂದ ಸೈಕಲ್ ತುಳಿದುಕೊಂಡು ಬಂದದ್ದು ಪ್ಲಂಬರನ ತಪ್ಪು. ಪೇದೆ ಗದರಿಸಿದ. ಪ್ಲಂಬರ್ ಬಾಯಿ ಮುಚ್ಚಿಕೊಂಡು ಇಳಿದು, ಸೈಕಲ್ ತಿರುಗಿಸಿಕೊಳ್ಳತೊಡಗಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆನ್ನು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವ ಅಭ್ಯಾಸ ಪೇದೆಗೆ ಇರಲಿಲ್ಲ, ಬೀಸಿ ಒಂದು ಬಿಟ್ಟ. ಪ್ಲಂಬರನ ಅಂಗಿಯೊಳಗೆ, ಬೆನ್ನ ಕಡೆ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ ಮೊಳದುದ್ದದ ಕಬ್ಬಿಣದ ಪೈಪ್ ಸ್ಪ್ಯಾನರ್ ಇತ್ತು. ಸ್ಪ್ಯಾನರಿನ ಅಚ್ಚು ಬೆನ್ನಿನ ಮೇಲೆ ಮೂಡಿತು, ಸರ್ಕಾರಿ ಲಾಠಿ ಎರಡಾಯಿತು.

ಸಣ್ಣಪುಟ್ಟ ತಪ್ಪಿಗೆ ಜನರ ಮೈಮುಟ್ಟಿದವನು ಮೇಜಿನ ಮೇಲೆ ಬೆಲ್ಟ್ ಬಿಚ್ಚಿಟ್ಟು ಮನೆಗೆ ಹೋಗಬಹುದು ಎಂದು ಮೇಡಂ ಈ ಠಾಣೆಗೆ ಬಂದ ಮೊದಲ ದಿನವೇ ಹೇಳಿಬಿಟ್ಟಿದ್ದರು. ಅದಕ್ಕೇ ಪೇದೆ ಠಾಣೆಯ ಮೆಟ್ಟಿಲಲ್ಲೇ ಪ್ಲಂಬರನ ಕಿವಿ ಕಚ್ಚಿದ್ದ. "ನೀನಾಗೇ ಬಂದು ಲಾಠಿ ಮೇಲೆ ಬಿದ್ದೆ ಅನ್ನು. ಫೈನೂ ಇಲ್ಲ, ಏನೂ ಇಲ್ಲ, ಸೀದಾ ಹೋಗು. ಇಲ್ಲಾಂದ್ರೆ ಸರ್ಕಾರಿ ಸಾಮಾನು ಮುರಿದ ಅಂತ ಒಳಗೆ ಹಾಕಿಸ್ತೀನಿ." ಪ್ಲಂಬರನ ಜೇಬಿನಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅಕ್ಕನ ಮನೆಯ ಪೈಪ್ ಒಡೆದು ನೀರು ಮಂಚದ ಕಾಲಿಗೆ ಬಂದಿತ್ತು. ಊರವರ ನಲ್ಲಿಗೆಲ್ಲ ಓಡುತ್ತೀಯ, ನಮ್ಮನೆ ಅಂದ್ರೆ ಮಾತ್ರ ನಿಂಗೆ ಕಾಲು ನೋವು ಎಂದು ಅವಳು ಆಗಲೇ ಮಂಗಳಾರತಿ ಎತ್ತಿಯಾಗಿತ್ತು. ಅವಳ ಬಾಯಿಗಿಂತ ಸುಳ್ಳೇ ವಾಸಿ ಎಂದು ಅವನು ಒಪ್ಪಿಕೊಂಡಿದ್ದ.

"ಏನಾಯ್ತು?" ಮೇಡಂ ಕೇಳಿದರು.

"ನಾನೇ ಬಿದ್ದೆ ಮೇಡಂ. ಲಾಠಿ ಮೇಲೆ."

"ಲಾಠಿ ಎಲ್ಲಿತ್ತು?"

"ಇವರ ಕೈಯಲ್ಲಿ. ಸುಮ್ನೆ ಇತ್ತು, ಪಾಪ."

"ಎದುರಿಂದ ಬಂದವನು ಬೆನ್ನು ಕೊಟ್ಟು ಹೇಗಪ್ಪಾ ಬಿದ್ದೆ?"

ಈ ಪ್ರಶ್ನೆಗೆ ಮೆಟ್ಟಿಲ ಮೇಲೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ. ಪ್ಲಂಬರ್ ಪೇದೆಯ ಮುಖ ನೋಡಿದ. ಪೇದೆ ಫ್ಯಾನಿನ ಮುಖ ನೋಡಿದ.

"ತಿರುಗಿ, ಹಿಂದಹಿಂದಕ್ಕೆ ನಡ್ಕೊಂಡು ಬಂದ ಮೇಡಂ," ಎಂದ ಪೇದೆ. "ತಪ್ಪು ಮಾಡಿದ್ನಲ್ಲ, ನಾಚಿಕೆಗೆ."

"ಓಹೋ. ಹಾಗಾದ್ರೆ ಬಿದ್ದು ತೋರಿಸಿ." ಮೇಡಂ ಮೂಲೆಯಲ್ಲಿದ್ದ ನೆಲ ಒರೆಸುವ ಕೋಲಿನತ್ತ ಕೈ ತೋರಿಸಿದರು.

ಪೇದೆ ಕೋಲನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಹಿಡಿದವನ ಹಾಗೆ, ಅಡ್ಡಡ್ಡ ಹಿಡಿದು ನಿಂತ. ಪ್ಲಂಬರ್ ಹಿಂದಹಿಂದಕ್ಕೆ ನಡೆದು ಬಂದ. ಸ್ಪ್ಯಾನರಿಗೆ ಕೋಲು ತಾಗಿ ಟಿಣ್ ಎಂದಿತು, ಅಷ್ಟೆ. ಇನ್ನೊಂದು ಸಲ ಸ್ವಲ್ಪ ಜೋರಾಗಿ ಬಂದು ಪೇದೆಯ ಕಾಲು ತುಳಿದ. ಮತ್ತೊಂದು ಸಲ ಗುರಿ ತಪ್ಪಿ, ಕೋಲನ್ನೂ ಪೇದೆಯನ್ನೂ ದಾಟಿಹೋಗಿ ಬೆಂಚಿನ ಮೇಲೆ ಕುಳಿತುಬಿಟ್ಟ.

"ನೆಟ್ಟಗೆ ಬೀಳೋಕೂ ಬರಲ್ವೇನೋ ನಿಂಗೆ?" ಪೇದೆ ಹಲ್ಲು ಕಡಿದ.

ಪ್ಲಂಬರನಿಗೆ ಪಿತ್ತ ನೆತ್ತಿಗೇರಿತು. ಹೊಡೆಸಿಕೊಂಡದ್ದಾಯಿತು, ಹೊಡೆದವನ ಪರವಾಗಿ ಸುಳ್ಳು ಹೇಳಿದ್ದಾಯಿತು, ಈಗ ಬಿದ್ದದ್ದರಲ್ಲೂ ತಪ್ಪು ಹುಡುಕುತ್ತಾನಲ್ಲ! ಮುಖದಲ್ಲಿ ಮಾತ್ರ ಏನೂ ಅರಿಯದವನ ಕಳೆ ತಂದುಕೊಂಡು ಎದ್ದು ನಿಂತ.

"ಮೇಡಂ, ನಡೆದಿದ್ದೆಲ್ಲ ನನ್ನ ಬೆನ್ನ ಹಿಂದೆ. ನಂಗೇನು ಕಾಣುತ್ತೆ ಹೇಳಿ? ಸಾಹೇಬ್ರು ನಾನಾಗಲಿ, ನಾನು ಸಾಹೇಬ್ರಾಗ್ತೀನಿ. ಕೋಲನ್ನ ಸುಮ್ನೆ ಹಿಡ್ಕೊಂಡಿರ್ತೀನಿ, ಅವರು ಹಿಡ್ಕೊಂಡಿದ್ದ ಹಾಗೇನೇ. ಅವರೇ ನೆಟ್ಟಗೆ ಬಂದು ಬೀಳಲಿ."

ಮೇಡಂ ಅವರ ತುಟಿಯಂಚು ಸ್ವಲ್ಪ ಅಲುಗಿತು. "ಸರಿ."

ಪೇದೆ ಬೇಡವೆನ್ನುವಂತಿರಲಿಲ್ಲ. ಸುಮ್ಮನೆ ಹಿಡಿದ ಕೋಲಿಗೆ ಹೆದರುವುದುಂಟೇ? ಕೋಲನ್ನು ಕೊಟ್ಟು, ಗೋಡೆಗೆ ಮುಖ ಮಾಡಿ, ಬೆನ್ನು ಕೊಟ್ಟು ನಿಂತ. ಹಿಂದೆ ಏನಾಗುತ್ತಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ. ಚಪ್ಪಲಿಯ ಸದ್ದಾಯಿತು. ಕೋಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು. ಪೇದೆಯ ಕತ್ತಿನ ಮೇಲೆ ಬೆವರು ಒಡೆಯಿತು. ಪ್ಲಂಬರ್ ಗಂಟಲು ಸರಿಮಾಡಿಕೊಂಡು, ಸ್ವಲ್ಪ ಹೊತ್ತಿಗೆ ಮುಂಚೆ ರಸ್ತೆಯಲ್ಲಿ ತಾನು ಕೇಳಿದ್ದ ದನಿಯನ್ನೇ ತೆಗೆದು ಒಮ್ಮೆ ಗುಡುಗಿದ.

"ಏಯ್! ಕಣ್ಣು ಎಲ್ಲಿಟ್ಕೊಂಡು ಬರ್ತಿದ್ದೀಯೋ?"

ಕೋಲಿನ ತುದಿ ನೆಲ ಬಿಟ್ಟಿರಲಿಲ್ಲ. ಆದರೂ ಪೇದೆ ಕುಸಿದು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹಣೆ ಮೊಣಕಾಲಿಗೆ ಒತ್ತಿತ್ತು, ಎರಡೂ ಕೈ ತಲೆಯ ಮೇಲಿದ್ದವು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಟೋಪಿ ಉರುಳಿ ಬೆಂಚಿನ ಕೆಳಗೆ ಹೋಯಿತು.

ಪ್ಲಂಬರನಿಗೆ ನಗು ಉಕ್ಕಿ ಬಂತು, ಆದರೆ ಗಂಟಲಲ್ಲೇ ನಿಂತಿತು. ರಸ್ತೆಯ ನಡುವೆ, ಎರಡನೆಯ ಏಟಿಗೆ ಕಾಯುತ್ತ, ತಾನೂ ಹೀಗೆಯೇ ಕೂತಿದ್ದ. ಕೋಲು ಹಿಡಿದ ಕೈಗೆ ಒಂಥರಾ ನಾಚಿಕೆಯಾಯಿತು. ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿ ದೂರ ಸರಿದ.

ಮೇಡಂ ಲಾಠಿಯ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಒಂದು ಬೆಲ್ಟಿಗಾಗುವಷ್ಟು ಜಾಗ ಮಾಡಿದರು.

"ಏಳಿ," ಎಂದರು.

ಪೇದೆ ಏಳಲಿಲ್ಲ. ಕಣ್ಣು ತೆರೆಯದೆಯೇ ಕೇಳಿದ:

"ಹೊಡೆದಾಯ್ತಾ?"